ಪಂಪಿಗೊಂದು ಬಕೆಟ್ ನೀರು

“ಏ ಯಪ್ಪಾ, ಬಂದ್ ಮಾಡ್ ಅದನ್ನ! ನೀರ್ ಕುಡಿಸೀಯೇನ್ ಅದಕ್ಕ?”

ಬೆಚ್ಚಿಬಿದ್ದು ಸ್ವಿಚ್ ಆಫ್ ಮಾಡಿದೆ. ಹಗರಿಬೊಮ್ಮನಹಳ್ಳಿಯ ಹೊರಗೆ ನಾನು ನಡೆಸುವ ಪುಟ್ಟ ಈಜುಕೊಳದ ನೀರು ಸೋಸುವ ಪಂಪಿನ ಮೋಟರ್ ಸುಟ್ಟುಹೋಗಿತ್ತು. ಮೂರೇ ದಿನಕ್ಕೆ ನೀರು ಹಸಿರುಗಟ್ಟಿ ಮಕ್ಕಳ ಈಜು ತರಗತಿ ನಿಂತಿತ್ತು. ಹೊಲದ ಬೋರ್‌ವೆಲ್ ಮೋಟರನ್ನು ಎಷ್ಟೋ ಸಲ ಎತ್ತಿ ಇಳಿಸಿದವನು ನಾನು. ಇದೇನು ಮಹಾ ಎಂದು ಹೊಸ ಮೋಟರನ್ನು ನಾನೇ ಕೂರಿಸಿದ್ದೆ. ಅದು ಜೋರಾಗಿ ತಿರುಗುತ್ತಿತ್ತು, ಹನಿ ನೀರೂ ಎಳೆಯುತ್ತಿರಲಿಲ್ಲ. ಇನ್ನಷ್ಟು ಹೊತ್ತು ಹಾಗೇ ಓಡಿದ್ದರೆ ಪಂಪೇ ಹಾಳಾಗುತ್ತಿತ್ತು.

ಕೂಗಿದವರು ತಂಬ್ರಹಳ್ಳಿಯ ಅಜ್ಜಿ. ತರಗತಿ ಇಲ್ಲವೆಂದು ತಿಳಿಯದೆ ಮೊಮ್ಮಗಳನ್ನು ಕರೆತಂದಿದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಪಂಪಿನ ಮುಚ್ಚಳ ತೆಗೆಸಿ, ಕೊಳದಿಂದಲೇ ಬಕೆಟ್ ಮೊಗೆದು, ಪಂಪು ತುಂಬಿ ಚೆಲ್ಲುವವರೆಗೆ ನೀರು ಸುರಿದರು.

“ನಮ್ಮ ಬಾವಿ ಇಂಜಿನ್ನಿಗೆ ದಿನಾ ಮುಂಜಾನಿ ನಾನ ಕೊಡ ಹೊತ್ತು ಹಾಕ್ತಿದ್ನಿ. ತಾನ ಬಾಯಾರಿದ್ದು ಇನ್ನೊಬ್ಬರಿಗೆ ನೀರ್ ಎಲ್ಲಿಂದ ಕೊಡ್ತೈತಿ?”

ಮುಚ್ಚಳ ಬಿಗಿದು ಸ್ವಿಚ್ ಒತ್ತಿದೆ. ಪೈಪು ಎರಡು ಸಲ ಕೆಮ್ಮಿ ಗಾಳಿ ಉಗುಳಿತು. ಆಮೇಲೆ ನೀರು ಭೋರೆಂದು ಕೊಳಕ್ಕೆ ಬಿತ್ತು. ನನಗೆ ಹೋದ ಜೀವ ಬಂದಂತಾಯಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ಬೋರ್‌ವೆಲ್ ಮೋಟರ್ ನೀರಿನಲ್ಲೇ ಮುಳುಗಿರುತ್ತದೆ, ಅದಕ್ಕೆ ಕುಡಿಸಬೇಕಿಲ್ಲ. ದಂಡೆಯ ಮೇಲಿನ ಈ ಪಂಪು ಒಳಗೆ ಗಾಳಿಯಿದ್ದರೆ ನೀರೆಳೆಯದು, ಇದಕ್ಕೆ ಮೊದಲು ಕುಡಿಸಬೇಕು. ಕೊಳದ ತುಂಬ ನೀರಿಟ್ಟುಕೊಂಡು ನಾನು ಮರೆತದ್ದು ಒಂದು ಬಕೆಟ್! ಈಗ ಪಂಪಿನ ಪಕ್ಕದಲ್ಲಿ ಸದಾ ಒಂದು ತುಂಬಿದ ಬಕೆಟ್ ಇರುತ್ತದೆ. ಕಾಲು ತೊಳೆಯಲು ಯಾರಾದರೂ ಅದನ್ನು ಮುಟ್ಟಿದರೆ, ನಾನೂ ಅಜ್ಜಿಯಂತೆಯೇ ಕೂಗುತ್ತೇನೆ.