ಕೋಳಿ ಪುಸ್ತಕದ ಮೇಲೆ ಪ್ರಮಾಣ

ಲೈಬ್ರರಿ ಮುಚ್ಚೋದರೊಳಗೆ ಪುಸ್ತಕ ವಾಪಸ್ ಕೊಡುವ ಆತುರದಲ್ಲಿ ನೈರೋಬಿಯ ನಡುಪೇಟೆಯಲ್ಲಿ ಅಡ್ಡಾದಿಡ್ಡಿ ರಸ್ತೆ ದಾಟಿ ಪೊಲೀಸರ ಕೈಗೆ ಸಿಕ್ಕಿಬಿದ್ದೆ. ನೇರ ಸಿಟಿ ಕೋರ್ಟು. ದಾಟೇ ಇಲ್ಲ ಅಂತ ಸಾಧಿಸುವುದೆಂದು ತೀರ್ಮಾನಿಸಿದ್ದೆ.

ಪ್ರಮಾಣಕ್ಕೆ ಹಿಂದೂ ಧರ್ಮಗ್ರಂಥ ಹುಡುಕಿ ಹುಡುಕಿ ಗುಮಾಸ್ತ ಕೈಚೆಲ್ಲಿದ. ಜಾಣತನ ತೋರಿಸಲು ಹೋಗಿ, "ನಮಗೆ ಯಾವ ಪುಸ್ತಕವಾದರೂ ಸರಸ್ವತಿಯೇ, ಮೇಡಂ" ಅಂದುಬಿಟ್ಟೆ.

"ಸವಾ, ಆಯ್ತು, ಕೈಯಲ್ಲಿರೋದರ ಮೇಲೇ ಪ್ರಮಾಣ ಮಾಡಿ" ಅಂದರು ಮ್ಯಾಜಿಸ್ಟ್ರೇಟ್.

ಕೈಯಲ್ಲಿದ್ದದ್ದು ಮಗಳ ಶಾಲೆಯ ಪ್ರಾಜೆಕ್ಟಿಗೆ ತಂದ ಕೋಳಿ ಸಾಕಣೆ ಪುಸ್ತಕ! ಅಭ್ಯಾಸಬಲದಿಂದ ಕಣ್ಣಿಗೊತ್ತಿಕೊಂಡೆ. ಅಷ್ಟೇ, ಸುಳ್ಳು ಬಾಯಿಗೇ ಬರಲಿಲ್ಲ. "ದಾಟಿದೆ, ಮೇಡಂ."

ಕೋರ್ಟಿಗೆ ಕೋರ್ಟೇ ನಕ್ಕಿತು. ಶಿಕ್ಷೆಯಾಗಿ ಒಂದು ದಿನ ಅದೇ ಲೈಬ್ರರಿಯ ಪುಸ್ತಕಗಳ ಧೂಳು ಒರೆಸಿದೆ.

"ಸುಳ್ಳು ಹೇಳಿ, ಆಮೇಲೆ ತಪ್ಪುಕಾಣಿಕೆ ಹಾಕಿದ್ದರಾಗುತ್ತಿತ್ತಲ್ಲ ರೀ" ಅಂದಳು ಹೆಂಡತಿ.

ಯಾರಿಗೆ ಹಾಕಲಿ, ಕೋಳಿಗಾ?