ಇಬ್ಬರು ಕೂಡುವ ಹರಿಗೋಲು

ಅರವತ್ತರ ದಶಕದಲ್ಲಿ ಬಬಲೇಶ್ವರದ ಕಡೆಯ ಕೆರೆದಂಡೆಯಲ್ಲಿ ಹರಿಗೋಲು ಹೆಣೆಯುವ ಮುದುಕನೊಬ್ಬನಿದ್ದ. ಬಿದಿರು ಬಗ್ಗಿಸುವಾಗಲೂ ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟೇ ಕೂಡುತ್ತಿದ್ದ. ಮೀನು ಹಿಡಿಯುವ ಹುಚ್ಚಿಗೆ ಬಿದ್ದು ವಿಜಾಪುರದಿಂದ ಸೈಕಲ್ ತುಳಿದು ಹೋದ ನಾನು, ಒಬ್ಬರು ಕೂಡುವಂಥದ್ದು ಸಾಕು ಎಂದೆ.

“ಇಬ್ಬರದ ತಗೋರಿ ಸಾಹೇಬ್ರ. ನೀರಾಗ ಯಾರೂ ಒಬ್ಬರ ಇರೂದಿಲ್ಲ.”

ಎಲ್ಲರಿಗೂ ಅದನ್ನೇ ಹೇಳುತ್ತಿದ್ದನಂತೆ. ಮಾರುವವರ ಮಾತು ಎಂದುಕೊಂಡೆ.

ತೋರಿಸಲೆಂದು ಇಬ್ಬರದೊಂದನ್ನು ನೀರಿಗಿಳಿಸಿ, ತಾನೇ ಒಂದು ಅಂಚಿಗೆ ಕೂತು ಹುಟ್ಟು ಹಾಕಿದ. ಒಬ್ಬನೇ ಅಂಚಿಗೆ ಕೂತರೆ ಹರಿಗೋಲು ಆ ಕಡೆ ವಾಲಬೇಕು. ಇದು ತಟ್ಟೆಯಂತೆ ಸಮನಾಗಿ ತೇಲಿತು. ಒಂದು ಸುತ್ತು ಹಾಕಿ ಬಂದು ದಡಕ್ಕಿಳಿದ. ಖಾಲಿ ಹರಿಗೋಲು, ಅವನು ಕೂತಿರದ ಕಡೆಗೆ ವಾಲಿ ನಿಂತಿತು.

ಅವನು ಅತ್ತ ನೋಡಲೂ ಇಲ್ಲ. ಹುಟ್ಟನ್ನು ನನ್ನ ಕೈಗಿತ್ತು ಹೇಳಿದ: “ಈಗ ನೀವು ಕುಂದರ್ರಿ. ಸಮ ಆಗ್ತೈತಿ.”