ಅತ್ತೆಯ ಮೊಬೈಲಿನ ನಂದಾದೀಪ

ಕುರುಗೋಡಿನಲ್ಲಿರುವ ನನ್ನ ಸೋದರತ್ತೆ ಗೌರಮ್ಮನಿಗೆ ಯಾರೇ ವಿಡಿಯೋ ಕರೆ ಮಾಡಲಿ, ಅವರ ಹಣೆಯ ಮೇಲೆ ಒಂದು ದೀಪ ಕಾಣಿಸುತ್ತದೆ. ಕರೆ ಮಾಡಿದವರಿಗೆ ಇದರ ಸುಳಿವಿಲ್ಲ. ಅತ್ತೆಯ ಮೊಬೈಲಿನ ಪರದೆಯಲ್ಲಿ ಮಾತ್ರ, ಎಣ್ಣೆದೀಪದ ಕುಡಿಯ ಆಕಾರದ ಒಂದು ಮಸುಕು ನೀಲಿ ಕಲೆ ಅಳಿಸಲಾಗದಂತೆ ಕೂತಿದೆ. ಮಗಳಾಗಲಿ, ಬೀಗರಾಗಲಿ, ಅತ್ತೆಯ ಕಣ್ಣಿಗೆ ಎಲ್ಲರೂ ತೇಜಸ್ವಿಗಳೇ. ಈ ಕಲೆಗೆ ನಾನೇ ಕಾರಣನೆಂದು ಒಪ್ಪಿಕೊಳ್ಳಲು ಬಹಳ ದಿನ ಹಿಡಿಯಿತು. ಮೇಷ್ಟರಿಗೆ ತಪ್ಪು ಹುಡುಕುವ ಅಭ್ಯಾಸವಿರುತ್ತದೆಯೇ ಹೊರತು ಒಪ್ಪಿಕೊಳ್ಳುವ ಅಭ್ಯಾಸವಿರುವುದಿಲ್ಲ, ನೋಡಿ.

ನಾನು ಸಿರುಗುಪ್ಪದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ಬಳ್ಳಾರಿಯ ಮನೆಯಿಂದ ದಿನವೂ ಬಸ್ಸಿನಲ್ಲಿ ಓಡಾಡುತ್ತ, ರಜೆ ಬಂತೆಂದರೆ ಪ್ರಯೋಗಾಲಯದಲ್ಲಿ ಕೂತು, ಕನ್ನಡಕದ ನಂಬರು ಏರುವ ವಯಸ್ಸಿನಲ್ಲಿ ಪಿಎಚ್.ಡಿ. ಗೀಳು ಹಚ್ಚಿಕೊಂಡವನು. ನನ್ನ ವಿಷಯ, ಬೆಳಕು ಬೀರುವ ಸಾವಯವ ಪದರಗಳು. ಬಸ್ಸಿನಲ್ಲಿ ಪಕ್ಕದವರಿಗೆ ಇದನ್ನು ಹೇಳಿದರೆ ಸಾವಯವ ಅಕ್ಕಿ ಎಲ್ಲಿ ಸಿಗುತ್ತದೆಂದು ಕೇಳುತ್ತಾರೆ.

ನಿಮ್ಮ ಕೈಯಲ್ಲಿರುವ ಮೊಬೈಲಿನ ಪರದೆಯೊಳಗೆ ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳುವಾದ ಇಂಗಾಲದ ಸಂಯುಕ್ತಗಳ ಪದರಗಳು ಒಂದರ ಮೇಲೊಂದು ಮಲಗಿರಬಹುದು. ಒಂದು ಬದಿಯಿಂದ ಎಲೆಕ್ಟ್ರಾನೆಂಬ ಋಣಕಣಗಳೂ ಇನ್ನೊಂದು ಬದಿಯಿಂದ ಅವಕ್ಕಾಗಿ ಕಾದ ಖಾಲಿ ಜಾಗಗಳೂ ಹೊರಟು ನಡುವಿನ ಪದರದಲ್ಲಿ ಕೂಡಿದರೆ ಬೆಳಕು. ಒಂದು ಬದಿಯವು ನುಗ್ಗಿ ಇನ್ನೊಂದು ಬದಿಯವು ತಡಮಾಡಿದರೆ ಬೆಳಕೂ ಕಡಿಮೆ, ಪದರದ ಆಯುಷ್ಯವೂ ಕಡಿಮೆ. ಸಿರುಗುಪ್ಪದ ಕಾಲುವೆಯಲ್ಲಿ ಮೇಲಿನ ಗದ್ದೆಯವರು ನೀರನ್ನೆಲ್ಲ ತಮ್ಮ ಕಡೆಗೇ ತಿರುಗಿಸಿಕೊಂಡರೆ ಅವರ ಪೈರು ಕೊಳೆತು, ಕೆಳಗಿನವರ ಪೈರು ಒಣಗುತ್ತದಲ್ಲ, ಹಾಗೆ. ನಡುವೆ ಹದವಾದ ವಸ್ತುವಿನ ಇನ್ನೊಂದು ಪದರ ಹಾಸಿ ಎರಡೂ ಕಡೆಯವರನ್ನು ಸರಿದೂಗಿಸುವ ಪಂಚಾಯಿತಿಯೇ ನನ್ನ ಸಂಶೋಧನೆ. ಅದರಲ್ಲೂ ಪರದೆಯ ಕೆಂಪು, ಹಸಿರು, ನೀಲಿ ಬೆಳಕುಗಳಲ್ಲಿ ನೀಲಿಯೇ ಅಲ್ಪಾಯು. ಅದನ್ನು ಬದುಕಿಸಲು ಹೆಣಗುತ್ತ ನನ್ನ ಕೂದಲು ಬೆಳ್ಳಗಾದವು.

ಅತ್ತೆಗೆ ಹೊಸ ಮೊಬೈಲು ಕೊಡಿಸಿದ ದಿನ ನನ್ನ ಪಾಂಡಿತ್ಯ ಸುಮ್ಮನಿರಲಿಲ್ಲ. "ಅತ್ತಿ, ಇದರಾಗಿನ ಒಂದೊಂದು ಚುಕ್ಕಿನೂ ತಾನಾ ಒಂದು ದೀಪ ನೋಡು" ಎಂದೆ. ಅತ್ತೆ ಕೈಮುಗಿದು ಕೇಳಿದರು. ತರಗತಿಯಲ್ಲಿ ಆಕಳಿಕೆಗಳನ್ನೇ ಕಂಡಿದ್ದ ನನಗೆ ಹಿಗ್ಗಾಯಿತು. ಅವರು ಕೈಮುಗಿದದ್ದು ನನಗಲ್ಲ ಎಂದು ಗೊತ್ತಾದದ್ದು ಕೆಲವು ವಾರಗಳ ನಂತರ, ಒಂದು ಭಾನುವಾರ ಅಲ್ಲಿಗೆ ಹೋದಾಗ.

ದೇವರ ಜಗಲಿಯ ಮೇಲೆ, ವಿಭೂತಿ ಬಟ್ಟಲಿಗೆ ಒರಗಿ, ಚಾರ್ಜರಿನ ಬಾಲ ಸಿಕ್ಕಿಸಿಕೊಂಡು ಮೊಬೈಲು ನಿಂತಿತ್ತು. ಪರದೆಯ ತುಂಬ ಹಳದಿ ಕುಡಿಯ ದೀಪದ ಚಿತ್ರ. ನಮ್ಮ ಕಡೆಯ ಬಿಸಿಲಿಗೆ ಫ್ಯಾನು ನಿಲ್ಲಿಸುವಂತಿಲ್ಲ, ಫ್ಯಾನಿನ ಗಾಳಿಗೆ ಎಣ್ಣೆದೀಪ ನಿಲ್ಲುವಂತಿಲ್ಲ. ಗಾಳಿಗೆ ಆರದ ದೀಪವನ್ನು ಸೋದರಳಿಯನೇ ತಂದುಕೊಟ್ಟಿದ್ದನಲ್ಲ! ಸೊಸೆ ಶಾಂತಾಳಿಗೆ ಹೇಳಿ, ಪರದೆ ತಾನಾಗಿ ಕಪ್ಪಾಗದಂತೆ ಮಾಡಿಸಿಕೊಂಡಿದ್ದರು. ಕರೆ ಬಂದರೆ ಮಾತಾಡಿ ಮತ್ತೆ ದೀಪದ ಚಿತ್ರಕ್ಕೆ ಮರಳುವುದು.

"ಅತ್ತಿ, ಅದನ್ನ ಆರ್ಸಬೇ! ಸ್ಕ್ರೀನ್ ಸುಟ್ಟು ಹೋಗ್ತೈತಿ."

"ದೇವ್ರ ಮುಂದಿನ ದೀಪ ಕೈಯಾರೆ ಯಾರರ ಆರಸ್ತಾರೇನೋ ಈರಣ್ಣ? ನೀನಾ ದೀಪ ಅಂದಿ, ನೀನಾ ಆರ್ಸು ಅಂತಿ. ಅದಿರ್ಲಿ, ನಿನ್ನ ನೀಲಿ ದೀಪ ಈಗ ಎಷ್ಟ್ ದಿನ ಉರೀತೈತಿ?"

ದಿನಗಳ ಲೆಕ್ಕಕ್ಕಿನ್ನೂ ಬಾರದ ನನ್ನ ದೀಪದ ಗೌರವ ಕಾಪಾಡಲು ನಾನು ಚಹಾ ಕೇಳಿದೆ.

ಆಮೇಲೆ ಹೋದಾಗಲೆಲ್ಲ ಇದೇ ಜಗಳ. ನಾನು ಆಯುಷ್ಯದ ಉಪನ್ಯಾಸ ಕೊಡುವುದು, ಅವರು ಮಂಡಕ್ಕಿ ಒಗ್ಗರಣೆ ಕೊಡುವುದು. ನೋಡನೋಡುತ್ತ ಕಲೆ ಮೂಡಿತು. ಅದರಲ್ಲೂ ಒಂದು ಅಣಕವಿತ್ತು: ಹಳದಿ ಕುಡಿಗಾಗಿ ಹಗಲಿರುಳು ದುಡಿದ ಕೆಂಪು, ಹಸಿರು ಚುಕ್ಕಿಗಳು ಸವೆದಿದ್ದವು, ಕೆಲಸವಿಲ್ಲದೆ ಕೂತ ನೀಲಿ ಮಾತ್ರ ಗುಂಡುಕಲ್ಲಿನಂತೆ ಉಳಿದಿತ್ತು. ನನಗೆ ಸಾಧಿಸಲಾಗದ್ದನ್ನು ಅತ್ತೆ ದೇವರ ಮುಂದೆ ಇಟ್ಟು ಸಾಧಿಸಿದ್ದರು.

ಒಂದು ಭಾನುವಾರ ತಾಳ್ಮೆಗೆಟ್ಟು ಗಟ್ಟಿಯಾಗಿಯೇ ರೇಗಿದೆ. ಅತ್ತೆ ಎದ್ದು ಹಿತ್ತಿಲಿಗೆ ಹೋದರು. ಶಾಂತಾ ಚಹಾದ ಲೋಟ ಇಟ್ಟು ಮೆಲ್ಲಗೆ ಹೇಳಿದಳು: "ಬೈಬ್ಯಾಡ್ರಿ ಮಾವ. ನಿಮ್ಮ ಪುಸ್ತಕ ಒಪ್ಪಿಸೋತನಕ ದೀಪ ಆರಬಾರದು ಅಂತ ಹರಕಿ ಹೊತ್ತಾರ."

ಓದುಗರೇ, ನಿಮ್ಮಲ್ಲಿ ಮುಚ್ಚಿಡುವುದೇನು? ನನ್ನ ಪಿಎಚ್.ಡಿ. ಪ್ರಬಂಧ ಎರಡು ವರ್ಷದ ಹಿಂದೆಯೇ ಮುಗಿದಿತ್ತು. ಇನ್ನೊಂದು ಪದರ, ಇನ್ನೊಂದು ವಸ್ತು, ಇನ್ನೊಂದು ಪರೀಕ್ಷೆ ಎನ್ನುತ್ತ ಮುಂದೂಡುತ್ತಿದ್ದೆ. ಅದಕ್ಕೆ ವಿಜ್ಞಾನ ಕಾರಣವಾಗಿರಲಿಲ್ಲ, ಭಯ ಕಾರಣವಾಗಿತ್ತು. ನನ್ನ ಶಿಷ್ಯರ ವಯಸ್ಸಿನ ಪರೀಕ್ಷಕರ ಮುಂದೆ ನಿಂತು ತೊದಲಿದರೆ ಎಂಬ ಭಯ. ಆ ಪರದೆಯನ್ನು ಸುಡುತ್ತಿದ್ದವನು ನಾನೇ. ಅತ್ತೆಯ ಮುಖ ನೋಡಲಾರದೆ, ಹೇಳದೆ ಕೇಳದೆ ಬಸ್ಸು ಹತ್ತಿಬಿಟ್ಟೆ. ಅವತ್ತಿನಷ್ಟು ನಾಚಿಕೆ ನನಗೆ ಎಂದೂ ಆದದ್ದಿಲ್ಲ.

ಆ ತಿಂಗಳೇ ಪ್ರಬಂಧ ಒಪ್ಪಿಸಿದೆ. ನನ್ನ ನೀಲಿ ಮೊದಲಿಗಿಂತ ತುಸು ಹೆಚ್ಚು ಬಾಳುತ್ತದೆ, ಅಷ್ಟೇ, ಅಷ್ಟನ್ನೇ ಬರೆದೆ. ರಟ್ಟು ಹಾಕಿಸಿದ ಒಂದು ಪ್ರತಿ ಹಿಡಿದು ಕುರುಗೋಡಿಗೆ ಹೋದೆ. ಅತ್ತೆ ಅದನ್ನು ಎರಡೂ ಕೈಯಲ್ಲಿ ತೂಗಿ ನೋಡಿ, ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದರು. ಚಾರ್ಜರು ಬಿಡಿಸಿ ಮೊಬೈಲನ್ನು ನನ್ನ ಕೈಗಿತ್ತರು.

"ತಗೋಪಾ, ಹರಕಿ ತೀರ್ತು. ಅಷ್ಟ್ ದಿನದಿಂದ ಆರ್ಸು ಆರ್ಸು ಅಂತಿದ್ಯಲ್ಲ, ನೀನಾ ಆರ್ಸು."

ಒತ್ತಿದೆ. ದೀಪ ಆರಿತು. ಕಪ್ಪಾದ ಗಾಜಿನಲ್ಲಿ ನನ್ನ ಮುಖ ಕಂಡಿತು. ಹಣೆಯ ಮೇಲೆ ಏನೂ ಇರಲಿಲ್ಲ. ಇಷ್ಟು ದಿನ ವಿಡಿಯೋ ಕರೆಗಳಲ್ಲಿ ಅತ್ತೆ ನನ್ನನ್ನು ಕಂಡದ್ದು ಹೀಗಲ್ಲವಲ್ಲ ಎನಿಸಿ ಕಣ್ಣು ತುಂಬಿತು. ಹೆಬ್ಬೆರಳು ತಾನಾಗಿಯೇ ಮತ್ತೆ ಒತ್ತಿತು.

"ಯಾಕೋ, ಮತ್ಯಾಕ ಹಚ್ಚಿದಿ?"

"ಸುಟ್ರ ಸುಡ್ಲಿ ಬಿಡಬೇ ಅತ್ತಿ" ಎಂದೆ, ಪದರಗಳ ಆಯುಷ್ಯವೃದ್ಧಿಯಲ್ಲಿ ಆಗಷ್ಟೇ ಪ್ರಬಂಧ ಒಪ್ಪಿಸಿ ಬಂದ ನಾನು.